ಅಳಿಸಿದ ಒಂದು ಸಾಲು: ಎಸ್‌ಪಿಐ ಡ್ರೈವರ್ ಪ್ಯಾಚೊಂದರ ಪರಿಶೀಲನೆಯ ಪ್ರಕರಣ ಅಧ್ಯಯನ

ಪರಿಶೀಲನೆಗೆ ಬಂದ ಪ್ಯಾಚ್ (ಕೋಡಿಗೆ ಸೂಚಿಸಿದ ಬದಲಾವಣೆ) ತೀರ ಚಿಕ್ಕದು. ಆರು ಸಾಲು ಸೇರಿದ್ದವು, ಹದಿನಾಲ್ಕು ಸಾಲು ಹೋಗಿದ್ದವು. 64 ಬಿಟ್‌ನ ಆರ್ಮ್ ಚಿಪ್ಪಿನೊಳಗಿರುವ ಒಂದು ಎಸ್‌ಪಿಐ ಕಂಟ್ರೋಲರನ್ನು (ಫ್ಲ್ಯಾಶ್‌ನಂಥ ಬಿಡಿಭಾಗಗಳ ಜೊತೆ ಮಾತಾಡುವ ಭಾಗ) ನಡೆಸುವ ಲಿನಕ್ಸ್ ಕರ್ನಲ್ ಡ್ರೈವರಿಗೆ ಸೇರಿದ್ದು ಅದು. ಇಂಟರಪ್ಟ್ (ಸಾಧನ ಪ್ರೊಸೆಸರಿಗೆ ಕಳಿಸುವ ಕರೆ) ಬಂದಾಗ ಓಡುವ ಹ್ಯಾಂಡ್ಲರನ್ನು ನೋಂದಾಯಿಸಲು ಅಲ್ಲಿಯವರೆಗೆ ಬಳಸುತ್ತಿದ್ದ ‘ರಿಕ್ವೆಸ್ಟ್ ಐಆರ್‌ಕ್ಯೂ’ ಫಂಕ್ಷನ್ನಿನ ಜಾಗದಲ್ಲಿ, ಪಡೆದದ್ದನ್ನು ಕೊನೆಗೆ ತಾನಾಗಿ ಬಿಡಿಸುವ ‘ಡೆವ್‌ಎಮ್ ರಿಕ್ವೆಸ್ಟ್ ಐಆರ್‌ಕ್ಯೂ’ ಬಂದಿತ್ತು. ಇನ್ನು ಬೇಕಿಲ್ಲವೆಂದು ತೋರಿದ ಎರಡು ‘ಫ್ರೀ ಐಆರ್‌ಕ್ಯೂ’ ಕರೆಗಳನ್ನೂ (ಹ್ಯಾಂಡ್ಲರನ್ನು ಬಿಡುವ ಕರೆಗಳು), ಸಾಧನವನ್ನು ಸಿದ್ಧಪಡಿಸುವ ಪ್ರೋಬ್ ಫಂಕ್ಷನ್ನಿನ ಕೊನೆಯಲ್ಲಿದ್ದ ಒಂದು ಗೋಟು ಲೇಬಲನ್ನೂ (ಸೋತಾಗ ಕೋಡ್ ಜಿಗಿದು ಬರುವ ಜಾಗ) ತೆಗೆದುಹಾಕಲಾಗಿತ್ತು. ಬದಲಾವಣೆಯನ್ನು ವಿವರಿಸುವ ಕಮಿಟ್ ಸಂದೇಶದ ಕೊನೆಗೆ ‘ವರ್ತನೆಯಲ್ಲಿ ಯಾವ ಬದಲಾವಣೆಯೂ ಇಲ್ಲ’ ಎಂಬ ವಾಕ್ಯವಿತ್ತು. ಆ ವಾಕ್ಯ ನಿಜವೇ ಎಂದು ನೋಡಲು ಹೋದಾಗ ಏನೇನು ತಿಳಿದುಬಂತು ಎಂಬುದನ್ನು ಇಲ್ಲಿ ಪೂರ್ಣವಾಗಿ ದಾಖಲಿಸಿದ್ದೇನೆ.

ಪ್ಯಾಚ್ ಬರೆದವರು ಈ ಡ್ರೈವರಿಗೆ ಹೊಸಬರು, ಆದರೆ ಕೆಲಸದಲ್ಲಿ ಅಚ್ಚುಕಟ್ಟು. ಪ್ಯಾಚಿನ ಶೈಲಿಯನ್ನು ತಪಾಸಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ, ಕಂಪೈಲರೂ ಮೌನವಾಗಿತ್ತು. ಮಾಡ್ಯೂಲನ್ನು ಸಾವಿರ ಸಲ ಹಾಕಿ ತೆಗೆದು ನೋಡಿದ್ದೇನೆ, ಒಮ್ಮೆಯೂ ತೊಂದರೆಯಾಗಲಿಲ್ಲ ಎಂದು ಅವರು ಬರೆದಿದ್ದರು. ಮೊದಲ ಓದಿನಲ್ಲಿ ನನಗೂ ತಪ್ಪು ಕಾಣಲಿಲ್ಲ. ಇಂಥ ಬದಲಾವಣೆಗಳು ಕರ್ನಲ್‌ನಲ್ಲಿ ದಿನವೂ ನಡೆಯುತ್ತವೆ, ಬಹುಪಾಲು ಸರಿಯಾಗಿಯೇ ಇರುತ್ತವೆ. ಆ ಪರಿಚಯವೇ ಕಣ್ಣನ್ನು ಮಂಜು ಮಾಡುತ್ತದೆ. ಒಪ್ಪಿಗೆಯ ಗುರುತಾದ ‘ರಿವ್ಯೂಡ್ ಬೈ’ ಸಾಲನ್ನು ಬರೆಯುವ ಹಂತದವರೆಗೂ ನಾನು ಹೋಗಿದ್ದೆ. ಕರ್ನಲ್ ದಾಖಲೆಗಳ ಪ್ರಕಾರ ಆ ಸಾಲಿಗೆ ನಿರ್ದಿಷ್ಟ ಅರ್ಥವಿದೆ: ಬರೆದವರು ತಾಂತ್ರಿಕ ಪರಿಶೀಲನೆ ನಡೆಸಿದ್ದಾರೆ, ಕಂಡ ಸಂದೇಹಗಳನ್ನು ಪ್ಯಾಚಿನವರಿಗೆ ತಿಳಿಸಿದ್ದಾರೆ, ಸೇರಿಸಬಾರದೆನ್ನಲು ತಕ್ಕ ದೋಷ ತಮಗೆ ತಿಳಿದಮಟ್ಟಿಗೆ ಉಳಿದಿಲ್ಲ ಎಂದು ಅದು ಹೇಳುತ್ತದೆ. ಅದನ್ನು ಬರೆಯುವ ಮುನ್ನ, ಬದಲಾದ ಸಾಲುಗಳನ್ನು ತೋರಿಸುವ ಡಿಫ್‌ನ ಹೊರಗಿರುವ ಕೋಡನ್ನೂ ಒಮ್ಮೆ ಪೂರ್ತಿ ಓದುವುದು ನನ್ನ ರೂಢಿ. ಡಿಫ್ ತೋರಿಸುವುದು ಬದಲಾದ ಜಾಗದ ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು. ಡ್ರೈವರೊಂದರ ಹುಟ್ಟು ಮತ್ತು ಸಾವು ಆ ಆರು ಸಾಲಿನೊಳಗೆ ಹಿಡಿಸುವುದಿಲ್ಲ.

ಫೈಲನ್ನು ತೆರೆದು, ಡ್ರೈವರನ್ನು ಸಾಧನದಿಂದ ಬಿಡಿಸುವಾಗ ಓಡುವ ರಿಮೂವ್ ಫಂಕ್ಷನ್ನಿಗೆ ಹೋದೆ. ಮೊದಲಿನ ಕೋಡಿನಲ್ಲಿ ಅಲ್ಲಿ ನಾಲ್ಕು ಕೆಲಸಗಳು ಒಂದರ ಕೆಳಗೊಂದು ಇದ್ದವು: ಕಂಟ್ರೋಲರಿನ ನೋಂದಣಿ ರದ್ದು, ಹ್ಯಾಂಡ್ಲರಿನ ಬಿಡುಗಡೆ, ಡಿಎಂಎ ಬಫರಿನ (ಸಾಧನ ತಾನೇ ಓದಿ ಬರೆಯುವ ಮೆಮೊರಿ) ಬಿಡುಗಡೆ, ಕೊನೆಗೆ ಕಂಟ್ರೋಲರಿಗೆ ಮಿಡಿತ ಕೊಡುವ ಕ್ಲಾಕ್ ಬಂದ್. ಪ್ಯಾಚ್ ಆದ ಮೇಲೆ ಉಳಿದದ್ದು ಮೂರು. ನಡುವಿನ ಒಂದು ಸಾಲು ಕಾಣೆಯಾಗಿತ್ತು, ಹಾಗೆ ಕಾಣೆಯಾದ ಕೆಲಸ ಈಗ ಯಾವಾಗ ನಡೆಯುತ್ತದೆ ಎಂಬ ಪ್ರಶ್ನೆಗೆ ಪ್ಯಾಚಿನಲ್ಲಿ ಉತ್ತರವಿರಲಿಲ್ಲ.

ಬಿಡುಗಡೆಯ ಕ್ರಮ

ಡೆವ್‌ಎಮ್ ಎಂಬ ಪೂರ್ವಪದದ ಫಂಕ್ಷನ್ನುಗಳು ಲಿನಕ್ಸಿಗೆ ಬಂದದ್ದು 2007ರಲ್ಲಿ, 2.6.21 ಆವೃತ್ತಿಯೊಂದಿಗೆ. ಅದಕ್ಕೂ ಮೊದಲು, ಪ್ರೋಬ್ ಫಂಕ್ಷನ್ ಐದು ವಸ್ತುಗಳನ್ನು ಪಡೆದು ಆರನೆಯದರಲ್ಲಿ ಸೋತರೆ, ಐದನ್ನೂ ಹಿಮ್ಮುಖವಾಗಿ ಬಿಡಲು ಡ್ರೈವರ್ ಬರೆಯುವವರೇ ಗೋಟು ಲೇಬಲುಗಳ ಸರಣಿಯನ್ನು ಕಟ್ಟಬೇಕಿತ್ತು; ಆ ಸರಣಿಗಳಲ್ಲಿ ತಪ್ಪುಗಳು ತುಂಬಿದ್ದವು, ಏಕೆಂದರೆ ಆ ದಾರಿಯಲ್ಲಿ ಕೋಡ್ ಓಡುವುದೇ ಅಪರೂಪ. ಡೆವ್‌ಎಮ್ ವ್ಯವಸ್ಥೆಯಲ್ಲಿ ಪ್ರತಿಯೊಂದು ವಸ್ತುವೂ ಆ ಸಾಧನದ ಹೆಸರಿನಲ್ಲಿರುವ ಒಂದು ಪಟ್ಟಿಗೆ ಸೇರುತ್ತದೆ. ಪ್ರೋಬ್ ಸೋತಾಗ, ಇಲ್ಲವೇ ರಿಮೂವ್ ಮುಗಿದು ಹಿಂತಿರುಗಿದ ಮೇಲೆ, ಕರ್ನಲ್ ಆ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಬಿಚ್ಚುತ್ತ ಹೋಗುತ್ತದೆ. ಇದು ಒಳ್ಳೆಯ ವ್ಯವಸ್ಥೆ; ನಾನು ಅದರ ಪರವಾಗಿಯೇ ಇದ್ದೇನೆ.

ಆದರೆ ‘ರಿಮೂವ್ ಮುಗಿದು ಹಿಂತಿರುಗಿದ ಮೇಲೆ’ ಎಂಬ ಮಾತನ್ನು ಈ ಡ್ರೈವರಿನ ಮೇಲಿಟ್ಟು ನೋಡಬೇಕು. ಹಳೆಯ ಕೋಡಿನಲ್ಲಿ ಹ್ಯಾಂಡ್ಲರ್ ಹೋದ ಬಳಿಕ ಕ್ಲಾಕ್ ನಿಲ್ಲುತ್ತಿತ್ತು. ಹೊಸ ಕೋಡಿನಲ್ಲಿ ಕ್ಲಾಕನ್ನು ನಿಲ್ಲಿಸುವುದು ಇನ್ನೂ ರಿಮೂವ್ ಫಂಕ್ಷನ್ನಿನ ಕೈಯಲ್ಲೇ ಇದೆ, ಹ್ಯಾಂಡ್ಲರನ್ನು ಬಿಡುವುದು ಮಾತ್ರ ಕರ್ನಲ್ಲಿನ ಕೈಗೆ ಹೋಗಿದೆ. ಹಾಗಾಗಿ ಕ್ರಮ ತಿರುವುಮುರುವಾಯಿತು: ಮೊದಲು ಡಿಎಂಎ ಬಫರ್ ಹೋಗುತ್ತದೆ, ಆಮೇಲೆ ಕ್ಲಾಕ್ ನಿಲ್ಲುತ್ತದೆ, ಎಲ್ಲ ಮುಗಿದ ಮೇಲೆ ಹ್ಯಾಂಡ್ಲರ್ ಹೋಗುತ್ತದೆ. ಕ್ಲಾಕ್ ನಿಂತ ಗಳಿಗೆಗೂ ಹ್ಯಾಂಡ್ಲರ್ ಹೋದ ಗಳಿಗೆಗೂ ನಡುವೆ ಒಂದು ಸಣ್ಣ ಕಿಂಡಿ ತೆರೆದುಕೊಂಡಿದೆ. ಆ ಕಿಂಡಿಯಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಓಡುತ್ತದೆ. ಅದರ ಮೊದಲ ಸಾಲೇ ಕಂಟ್ರೋಲರಿನ ಸ್ಥಿತಿ ತಿಳಿಸುವ ಸ್ಟೇಟಸ್ ರಿಜಿಸ್ಟರನ್ನು ಓದುವುದು.

ಕ್ಲಾಕ್ ಇಲ್ಲದ ರಿಜಿಸ್ಟರನ್ನು ಓದಿದರೆ ಏನಾಗುತ್ತದೆ ಎಂಬುದು ಚಿಪ್ಪಿಗೆ ಬಿಟ್ಟದ್ದು. ಪಿಸಿಐ ಸಾಧನಗಳ ಜೊತೆ ಕೆಲಸ ಮಾಡಿ ಬಂದವರಿಗೆ, ಉತ್ತರ ಕೊಡದ ಸಾಧನದಿಂದ ಎಲ್ಲ ಬಿಟ್‌ಗಳೂ ಒಂದಾಗಿರುವ ಸಂಖ್ಯೆ ಬರುವುದು ಪರಿಚಿತ. ಚಿಪ್ಪಿನೊಳಗಿನ ಕಂಟ್ರೋಲರುಗಳಲ್ಲಿ ಅಷ್ಟು ಸುಲಭವಾಗಿ ಪಾರಾಗುವುದಿಲ್ಲ. ಕೆಲವು ಚಿಪ್ಪುಗಳಲ್ಲಿ ಪ್ರೊಸೆಸರಿಗೆ ಬಾಹ್ಯ ಅಬಾರ್ಟ್ (ಓದು ಸೋತಿತೆಂಬ ದೋಷದ ಸೂಚನೆ) ಬಂದು ಕರ್ನಲ್ ಅಲ್ಲೇ ಬೀಳುತ್ತದೆ. ಇನ್ನು ಕೆಲವು ಚಿಪ್ಪುಗಳಲ್ಲಿ ಬಸ್ಸು (ದತ್ತಾಂಶ ಸಾಗುವ ದಾರಿ) ಉತ್ತರಕ್ಕಾಗಿ ಕಾಯುತ್ತಲೇ ಉಳಿಯುತ್ತದೆ. ಒಂದು ಸಾಲಿನ ಸಂದೇಶವೂ ಬರದೆ ಇಡೀ ಯಂತ್ರ ಸ್ತಬ್ಧವಾಗುತ್ತದೆ. ಎರಡನೆಯದು ಹೆಚ್ಚು ಕಷ್ಟದ್ದು, ಏಕೆಂದರೆ ಹುಡುಕಲು ಸುಳಿವೇ ಇರುವುದಿಲ್ಲ.

ಕಂಟ್ರೋಲರಿನ ನೋಂದಣಿ ರದ್ದಾದ ಮೇಲೆ ಅದು ಇಂಟರಪ್ಟ್ ಎಬ್ಬಿಸುವುದಾದರೂ ಏಕೆ ಎಂದು ಕೇಳಬಹುದು. ಅದು ಎಬ್ಬಿಸಬೇಕಾಗಿಯೇ ಇಲ್ಲ. ಹ್ಯಾಂಡ್ಲರನ್ನು ನೋಂದಾಯಿಸುವಾಗ ಕೊಟ್ಟಿದ್ದ ಫ್ಲ್ಯಾಗ್ ‘ಐಆರ್‌ಕ್ಯೂಎಫ್ ಶೇರ್ಡ್’. ಈ ಚಿಪ್ಪಿನಲ್ಲಿ ಎಸ್‌ಪಿಐ ಕಂಟ್ರೋಲರೂ ಒಂದು ಸೀರಿಯಲ್ ಪೋರ್ಟೂ ಒಂದೇ ಇಂಟರಪ್ಟ್ ಲೈನನ್ನು ಹಂಚಿಕೊಂಡಿವೆ. ಹಂಚಿಕೊಂಡ ಲೈನಿನಲ್ಲಿ ಯಾರೇ ಕೂಗಿದರೂ ಕರ್ನಲ್ ಎಲ್ಲರ ಹ್ಯಾಂಡ್ಲರನ್ನೂ ಕರೆಯುತ್ತದೆ. ತನ್ನದಲ್ಲದಿದ್ದರೆ ಹ್ಯಾಂಡ್ಲರ್ ‘ಐಆರ್‌ಕ್ಯೂ ನನ್’ ಎಂದು ಹಿಂತಿರುಗಬೇಕು. ತನ್ನದೇ ಅಲ್ಲವೇ ಎಂದು ತಿಳಿಯಲು ಅದಕ್ಕಿರುವ ದಾರಿ ಸ್ಟೇಟಸ್ ರಿಜಿಸ್ಟರನ್ನು ಓದುವುದೊಂದೇ. ಪಕ್ಕದ ಸೀರಿಯಲ್ ಪೋರ್ಟಿಗೆ ಬಂದ ಒಂದು ಅಕ್ಷರ, ಕ್ಲಾಕ್ ಕಳೆದುಕೊಂಡ ಎಸ್‌ಪಿಐ ಕಂಟ್ರೋಲರಿನ ರಿಜಿಸ್ಟರನ್ನು ಓದಿಸಿ ಯಂತ್ರವನ್ನು ಕೆಡವಬಲ್ಲದು.

ಪ್ಯಾಚ್ ಬರೆದವರ ಆಕ್ಷೇಪಗಳು

ಇದನ್ನು ಬರೆದು ಕಳಿಸಿದೆ. ‘ಈ ಪ್ಯಾಚ್ ತಪ್ಪು’ ಎಂದು ಆರಂಭಿಸದೆ, ರಿಮೂವ್ ಫಂಕ್ಷನ್ನಿನ ಹಳೆಯ ಕ್ರಮವನ್ನೂ ಹೊಸ ಕ್ರಮವನ್ನೂ ಎದುರುಬದುರು ಇಟ್ಟು, ಕ್ಲಾಕ್ ನಿಂತ ಮೇಲೆ ಸೀರಿಯಲ್ ಪೋರ್ಟ್ ಇಂಟರಪ್ಟ್ ಎಬ್ಬಿಸಿದರೆ ಯಾವ ಸಾಲು ಓಡುತ್ತದೆ ಎಂದು ಕೇಳಿದೆ. ತೀರ್ಪನ್ನು ಓದಿದವರು ತಮ್ಮ ಪರವಾಗಿ ವಾದಿಸಲು ತೊಡಗುತ್ತಾರೆ. ಪ್ರಶ್ನೆ ಎದುರಿಗಿದ್ದರೆ ಅವರೂ ಕೋಡನ್ನು ತೆರೆದು ನೋಡುತ್ತಾರೆ.

ಉತ್ತರದಲ್ಲಿ ಮೂರು ಆಕ್ಷೇಪಗಳಿದ್ದವು, ಮೂರೂ ಪ್ರಾಮಾಣಿಕವಾದವು. ತಮ್ಮ ಉತ್ಪನ್ನದಲ್ಲಿ ಈ ಡ್ರೈವರ್ ಕರ್ನಲ್ಲಿನೊಳಗೇ ಕಟ್ಟಿರುತ್ತದೆ, ಮಾಡ್ಯೂಲ್ ಅಲ್ಲ, ಆದ್ದರಿಂದ ರಿಮೂವ್ ಓಡುವುದೇ ಇಲ್ಲ ಎಂಬುದು ಒಂದು. ಇದು ಸರಿಯಲ್ಲ. ಕರ್ನಲ್ಲಿನೊಳಗೆ ಕಟ್ಟಿದ ಡ್ರೈವರನ್ನೂ, ಕರ್ನಲ್ ತನ್ನ ಸಾಧನಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಫೈಲಿಗೆ ಸಾಧನದ ಹೆಸರು ಬರೆದು ಬಿಡಿಸಬಹುದು. ಅದಲ್ಲದೆ ಪ್ರೋಬ್ ಫಂಕ್ಷನ್ನಿನ ಕೊನೆಯ ಹೆಜ್ಜೆ ಸೋತರೆ ದೋಷದ ದಾರಿಯೂ ಕ್ಲಾಕನ್ನು ಮೊದಲು ನಿಲ್ಲಿಸಿ ಹ್ಯಾಂಡ್ಲರನ್ನು ಆಮೇಲೆ ಬಿಡುತ್ತದೆ. ಅಲ್ಲಿಯೂ ಅದೇ ಕಿಂಡಿ ಇದೆ. ಬೇರೆ ಎಷ್ಟೋ ಡ್ರೈವರುಗಳು ಹೀಗೆಯೇ ಮಾಡಿವೆ ಎಂಬ ಎರಡನೆಯ ಆಕ್ಷೇಪದಲ್ಲಿ ಸತ್ಯವಿದೆ. ಲೈನ್ ಹಂಚಿಕೆಯಾಗಿರದ ಕಡೆ, ಸಾಧನದ ಇಂಟರಪ್ಟನ್ನು ಮೊದಲೇ ಮುಚ್ಚಿಟ್ಟ ಕಡೆ ಅದು ನಡೆದುಹೋಗುತ್ತದೆ. ಇನ್ನು ಕೆಲವು ಕಡೆ ಅದು ಇನ್ನೂ ಯಾರೂ ಕಾಣದ ದೋಷ.

ಮೂರನೆಯದು ಸಾವಿರ ಸಲ ಮಾಡಿದ ಪರೀಕ್ಷೆ. ಇದಕ್ಕೆ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ ಮಾಡಿ ತೋರಿಸುವುದು ಮೇಲೆನಿಸಿತು. ಅವರು ಬೋರ್ಡಿಗೆ ನೆಟ್‌ವರ್ಕಿನ ಮೂಲಕ ಲಾಗಿನ್ ಆಗಿದ್ದರು, ಲೈನನ್ನು ಹಂಚಿಕೊಂಡ ಸೀರಿಯಲ್ ಪೋರ್ಟಿಗೆ ಏನನ್ನೂ ಜೋಡಿಸಿರಲಿಲ್ಲ. ನೆರೆಯವರು ಮೌನವಾಗಿದ್ದರೆ ಕಿಂಡಿ ಎಷ್ಟು ಹೊತ್ತು ತೆರೆದಿದ್ದರೂ ಏನೂ ಆಗುವುದಿಲ್ಲ. ನಾನು ಆ ಪೋರ್ಟಿಗೆ ಇನ್ನೊಂದು ಯಂತ್ರವನ್ನು ಜೋಡಿಸಿ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಎಡೆಬಿಡದೆ ದತ್ತಾಂಶ ಕಳಿಸಿದೆ. ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 11,520 ಬೈಟ್. ಬಂದ ಬೈಟುಗಳು ಕಾಯುವ ಫಿಫೋದಲ್ಲಿ ಎಂಟು ಬೈಟ್ ತುಂಬಿದಾಗ ಒಂದು ಇಂಟರಪ್ಟ್ ಬರುವಂತೆ ಇಟ್ಟಿದ್ದರಿಂದ ಸೆಕೆಂಡಿಗೆ 1,440 ಇಂಟರಪ್ಟ್, ಹತ್ತಿರಹತ್ತಿರ 694 ಮೈಕ್ರೊಸೆಕೆಂಡಿಗೆ ಒಂದು. ಕ್ಲಾಕ್ ನಿಂತಲ್ಲಿಂದ ಹ್ಯಾಂಡ್ಲರ್ ಹೋಗುವವರೆಗಿನ ಸಮಯವನ್ನು ಟ್ರೇಸ್ ಮಾಡಿದಾಗ ಸುಮಾರು 40 ಮೈಕ್ರೊಸೆಕೆಂಡ್ ಬಂತು. ಲೆಕ್ಕದ ಪ್ರಕಾರ ಹದಿನೇಳು ಸಲಕ್ಕೆ ಒಂದು ಸಲ ಪೆಟ್ಟು ಬೀಳಬೇಕು. ಹನ್ನೊಂದನೆಯ ಅನ್‌ಬೈಂಡಿಗೆ ಬೋರ್ಡ್ ಬಿತ್ತು. ಕನ್ಸೋಲಿನಲ್ಲಿ ಬಾಹ್ಯ ಅಬಾರ್ಟಿನ ಸಂದೇಶ, ಅದರ ಕೆಳಗಿನ ಕರೆಗಳ ಸಾಲಿನಲ್ಲಿ ನಮ್ಮ ಹ್ಯಾಂಡ್ಲರಿನ ಹೆಸರು, ಅದಕ್ಕೂ ಕೆಳಗೆ ಇಂಟರಪ್ಟ್ ವಿತರಿಸುವ ಕರ್ನಲ್ ಫಂಕ್ಷನ್ನುಗಳು.

ಅದೃಷ್ಟವನ್ನು ನೆಚ್ಚದ ಇನ್ನೊಂದು ದಾರಿಯೂ ಇದೆ, ಅದು ಇನ್ನಷ್ಟು ಜನರಿಗೆ ತಿಳಿದಿರಬೇಕಿತ್ತು. ಕರ್ನಲ್ ಸಂರಚನೆಯಲ್ಲಿ ‘ಡೀಬಗ್ ಎಸ್‌ಎಚ್‌ಐಆರ್‌ಕ್ಯೂ’ ಆಯ್ಕೆಯನ್ನು ತೆರೆದಿಟ್ಟರೆ, ಹಂಚಿಕೊಂಡ ಲೈನಿನ ಹ್ಯಾಂಡ್ಲರನ್ನು ಬಿಡುವಾಗ ಕರ್ನಲ್ ತಾನಾಗಿಯೇ ಅದನ್ನು ಇನ್ನೊಮ್ಮೆ ಕರೆಯುತ್ತದೆ. ಬಿಡುವ ಗಳಿಗೆಯಲ್ಲೂ ಇಂಟರಪ್ಟ್ ಬರಬಹುದು, ಡ್ರೈವರ್ ಅದಕ್ಕೆ ಸಿದ್ಧವಾಗಿರಲೇಬೇಕು ಎಂಬ ನಿಯಮವನ್ನು ಅದು ಹೀಗೆ ಪರೀಕ್ಷಿಸುತ್ತದೆ. ಆ ಆಯ್ಕೆಯೊಂದಿಗೆ ಕಟ್ಟಿದ ಕರ್ನಲ್ ಮೊದಲ ಅನ್‌ಬೈಂಡಿಗೇ, ಪ್ರತಿ ಸಲವೂ ಬಿತ್ತು. ಹಳೆಯ ಕೋಡಿನ ಮೇಲೆ ಅದೇ ಪರೀಕ್ಷೆ ನಡೆಸಿದಾಗ ಏನೂ ಆಗಲಿಲ್ಲ. ‘ವರ್ತನೆಯಲ್ಲಿ ಬದಲಾವಣೆ ಇಲ್ಲ’ ಎಂಬ ವಾಕ್ಯ ಅಲ್ಲಿಗೆ ಮುಗಿಯಿತು. ಪ್ಯಾಚ್ ಬರೆದವರು ಅದೇ ದಿನ ತಮ್ಮ ಬೋರ್ಡಿನಲ್ಲೂ ಇದನ್ನು ಮಾಡಿ ನೋಡಿ, ಒಪ್ಪಿಕೊಂಡು ಬರೆದರು.

ದಾರಿಗಳು

ತಕ್ಷಣಕ್ಕೆ ಹೊಳೆಯುವ ಪರಿಹಾರ, ಕ್ಲಾಕ್ ನಿಲ್ಲಿಸುವ ಮುನ್ನ ‘ಡಿಸೇಬಲ್ ಐಆರ್‌ಕ್ಯೂ’ ಕರೆಯುವುದು. ಅದನ್ನೇ ಅವರೂ ಸೂಚಿಸಿದರು. ಹಂಚಿಕೊಂಡ ಲೈನಿನಲ್ಲಿ ಅದು ಪೂರ್ತಿ ಲೈನನ್ನೇ ಮುಚ್ಚುತ್ತದೆ. ಎಸ್‌ಪಿಐ ಹೋಗುವಾಗ ಸೀರಿಯಲ್ ಪೋರ್ಟಿನ ಬಾಯನ್ನೂ ಕಟ್ಟಿಹಾಕಿದಂತೆ. ‘ಡೆವ್‌ಎಮ್ ಫ್ರೀ ಐಆರ್‌ಕ್ಯೂ’ ಎಂದು ಕೈಯಾರೆ ಕರೆದರೆ ಕ್ರಮವೇನೋ ಸರಿಹೋಗುತ್ತದೆ, ಆದರೆ ಕೈಯಾರೆ ಬಿಡುವುದಾದರೆ ಡೆವ್‌ಎಮ್ ಏತಕ್ಕೆ? ಪ್ಯಾಚನ್ನೇ ಕೈಬಿಡುವುದು ಗೌರವಯುತವಾದ ಮೂರನೆಯ ದಾರಿ. ಹಳೆಯ ಕೋಡ್ ಸರಿಯಾಗಿಯೇ ಇತ್ತು, ಸರಿಯಾಗಿರುವ ಕೋಡನ್ನು ಚಂದಗಾಣಿಸಲು ಮುಟ್ಟದಿರುವುದೂ ಒಂದು ತೀರ್ಮಾನವೇ.

ಉಳಿದದ್ದು ಪೂರ್ತಿ ಬದಲಾಯಿಸುವ ದಾರಿ. ಇಲ್ಲಿ ಪಾಲಿಸಬೇಕಾದ ನಿಯಮ ಹೀಗಿದೆ: ಒಂದು ವಸ್ತುವನ್ನು ಡೆವ್‌ಎಮ್ ಮೂಲಕ ಪಡೆಯುವುದಾದರೆ, ಅದಕ್ಕಿಂತ ಮೊದಲು ಪಡೆದು ಅದು ನೆಚ್ಚಿಕೊಂಡಿರುವ ಎಲ್ಲವೂ ಡೆವ್‌ಎಮ್ ಆಗಿರಬೇಕು. ಕೈಯಾರೆ ಬಿಡುವ ವಸ್ತುಗಳು ಡೆವ್‌ಎಮ್ ವಸ್ತುಗಳ ನಂತರ ಬರಬಹುದು, ಮೊದಲು ಬರುವಂತಿಲ್ಲ. ಈ ಡ್ರೈವರಿನಲ್ಲಿ ಕಂಟ್ರೋಲರಿನ ಮೆಮೊರಿಯೂ ರಿಜಿಸ್ಟರುಗಳ ಮ್ಯಾಪಿಂಗೂ ಮೊದಲಿನಿಂದಲೇ ಡೆವ್‌ಎಮ್ ಆಗಿದ್ದವು, ಪಡೆಯುವ ಕ್ರಮದಲ್ಲಿ ಅವೇ ಮೊದಲಿದ್ದುದರಿಂದ ಅವುಗಳಿಂದ ತೊಂದರೆಯಾಗಿರಲಿಲ್ಲ. ಪ್ಯಾಚ್ ಮಾಡಿದ್ದು ಬುನಾದಿಯ ನಂತರದ ಎರಡು ಮೆಟ್ಟಿಲುಗಳನ್ನು ಹಾರಿ ಮೂರನೆಯದನ್ನು ಬದಲಿಸುವ ಕೆಲಸ. ಕ್ಲಾಕಿಗೆ ‘ಡೆವ್‌ಎಮ್ ಕ್ಲಾಕ್ ಗೆಟ್ ಎನೇಬಲ್ಡ್’, ಬಫರಿಗೆ ‘ಡಿಎಂಎಎಮ್ ಅಲಾಕ್ ಕೊಹೆರೆಂಟ್’ ಬಳಸಿ ಆ ಎರಡನ್ನೂ ಮೊದಲು ಬದಲಿಸಿದರೆ, ಹ್ಯಾಂಡ್ಲರೂ ಕಂಟ್ರೋಲರಿನ ನೋಂದಣಿಯೂ ಅವುಗಳ ಮೇಲೆ ಸರಿಯಾಗಿ ಕೂರುತ್ತವೆ, ರಿಮೂವ್ ಫಂಕ್ಷನ್ನೇ ಬೇಕಾಗುವುದಿಲ್ಲ. ಪ್ಯಾಚ್ ಬರೆದವರು ಇದನ್ನು ಆಯ್ದುಕೊಂಡರು.

ಎರಡನೆಯ ಆವೃತ್ತಿ ಬಂದಾಗ ಬಿಡುಗಡೆಯ ಕಡೆ ಎಲ್ಲ ಡೆವ್‌ಎಮ್ ಆಗಿತ್ತು, ಆದರೆ ತೊಂದರೆ ಈಗ ಹುಟ್ಟಿನ ಕಡೆಗೆ ಸರಿದಿತ್ತು. ಇಂಟರಪ್ಟಿಗೆ ಸಂಬಂಧಿಸಿದ ಕೋಡೆಲ್ಲ ಒಂದೆಡೆ ಇರಲಿ ಎಂದು ಅವರು ಹ್ಯಾಂಡ್ಲರಿನ ನೋಂದಣಿಯನ್ನು, ಇಂಟರಪ್ಟಿನ ಸಂಖ್ಯೆಯನ್ನು ಪಡೆಯುವ ‘ಪ್ಲಾಟ್‌ಫಾರ್ಮ್ ಗೆಟ್ ಐಆರ್‌ಕ್ಯೂ’ ಕರೆಯ ಬೆನ್ನಿಗೇ ತಂದಿದ್ದರು. ಅದು ಕ್ಲಾಕ್ ಆರಂಭವಾಗುವುದಕ್ಕೂ ಮೊದಲು, ಹ್ಯಾಂಡ್ಲರ್ ಬಳಸುವ ಕಂಪ್ಲೀಶನ್ನನ್ನು (ಕೆಲಸ ಮುಗಿದಾಗ ಕಾಯುವವರನ್ನು ಎಬ್ಬಿಸುವ ರಚನೆ) ಸಿದ್ಧಪಡಿಸುವುದಕ್ಕೂ ಮೊದಲು. ಹ್ಯಾಂಡ್ಲರ್ ನೋಂದಾಯಿತವಾದ ಮರುಗಳಿಗೆಯೇ ಓಡಬಹುದು ಎಂದು ತಿಳಿದೇ ಪ್ರೋಬ್ ಬರೆಯಬೇಕು. ಇಲ್ಲಿ ಅದು ಬರೀ ಊಹೆಯಾಗಿರಲಿಲ್ಲ: ಬೂಟ್‌ಲೋಡರ್ ಕರ್ನಲ್ಲನ್ನು ಫ್ಲ್ಯಾಶಿನಿಂದ ಓದುವುದು ಇದೇ ಎಸ್‌ಪಿಐ ಕಂಟ್ರೋಲರಿನಿಂದ, ಓದಿ ಮುಗಿದ ಮೇಲೆ ‘ವರ್ಗಾವಣೆ ಮುಗಿಯಿತು’ ಎಂಬ ಬಿಟ್ಟನ್ನು ಅದು ಅಳಿಸದೆ ಬಿಡುತ್ತಿತ್ತು. ಆ ಬಿಟ್ಟನ್ನು ಕಂಡ ಹ್ಯಾಂಡ್ಲರ್ ಕಂಪ್ಲೀಶನ್ನನ್ನು ಎಬ್ಬಿಸಲು ಹೋಗುತ್ತದೆ. ಬರೀ ಸೊನ್ನೆಗಳಿರುವ ಆ ರಚನೆಯಲ್ಲಿ ಕಾಯುವವರ ಪಟ್ಟಿಯ ತಲೆ ತನ್ನನ್ನು ತಾನೇ ತೋರಿಸದೆ ಶೂನ್ಯ ವಿಳಾಸವನ್ನು ತೋರಿಸುತ್ತದೆ. ಪಟ್ಟಿ ಖಾಲಿಯಿಲ್ಲವೆಂದು ತಿಳಿದ ಕರ್ನಲ್ ಆ ವಿಳಾಸವನ್ನು ಹಿಂಬಾಲಿಸಿ ಬೀಳುತ್ತದೆ.

ಹಾಗಾಗಿ ಪ್ರೋಬ್‌ನ ಕ್ರಮವನ್ನು ಹೀಗೆ ಕೇಳಿದೆ: ಕ್ಲಾಕ್, ಬಫರ್, ಕಂಪ್ಲೀಶನ್ ಹಾಗೂ ಲಾಕುಗಳ ಸಿದ್ಧತೆ, ಬಳಿಕ ಸಾಧನ ಇಂಟರಪ್ಟ್ ಎಬ್ಬಿಸದಂತೆ ಅದರ ಇಂಟರಪ್ಟ್ ಮಾಸ್ಕನ್ನು ಮುಚ್ಚಿ, ಉಳಿದುಕೊಂಡ ಸ್ಟೇಟಸ್ ಬಿಟ್‌ಗಳನ್ನು ಅಳಿಸಿ, ಆಮೇಲೆ ಹ್ಯಾಂಡ್ಲರಿನ ನೋಂದಣಿ, ಅದರ ಬೆನ್ನಿಗೆ, ಬಿಡುವಾಗ ಮಾಸ್ಕನ್ನು ಮತ್ತೆ ಮುಚ್ಚುವ ಒಂದು ಸಣ್ಣ ಫಂಕ್ಷನ್ನನ್ನು ‘ಡೆವ್‌ಎಮ್ ಆಡ್ ಆ್ಯಕ್ಷನ್ ಆರ್ ರೀಸೆಟ್’ ಮೂಲಕ ಪಟ್ಟಿಗೆ ಸೇರಿಸುವುದು, ಎಲ್ಲಕ್ಕೂ ಕೊನೆಗೆ ಕಂಟ್ರೋಲರಿನ ನೋಂದಣಿ. ಇದನ್ನು ಹಿಂದಿನಿಂದ ಓದಿದರೆ ಬಿಡುಗಡೆಯ ಕ್ರಮ ತಾನಾಗಿ ಸಿಗುತ್ತದೆ. ಮಾಸ್ಕ್ ಮುಚ್ಚುವ ಕೆಲಸ ಹ್ಯಾಂಡ್ಲರಿನ ನಂತರ ಪಟ್ಟಿಗೆ ಸೇರಿರುವುದರಿಂದ, ಬಿಡುವಾಗ ಹ್ಯಾಂಡ್ಲರಿಗಿಂತ ಮೊದಲು ನಡೆಯುತ್ತದೆ. ಇದು ಮುಖ್ಯ. ಹ್ಯಾಂಡ್ಲರ್ ಹೋದ ಮೇಲೂ ಸಾಧನ ಲೈನನ್ನು ಎಳೆದು ಹಿಡಿದಿದ್ದರೆ ಅದನ್ನು ಇಳಿಸುವವರು ಯಾರೂ ಇರುವುದಿಲ್ಲ. ಒಂದು ಲಕ್ಷ ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ಯಾರೂ ಉತ್ತರಿಸದಿದ್ದರೆ ಕರ್ನಲ್ ಆ ಲೈನನ್ನೇ ಮುಚ್ಚಿಬಿಡುತ್ತದೆ, ಸೀರಿಯಲ್ ಪೋರ್ಟ್ ವಿನಾಕಾರಣ ಸಾಯುತ್ತದೆ.

ಮಾಸ್ಕ್ ಮುಚ್ಚುವ ಫಂಕ್ಷನ್ನಿನಲ್ಲಿ ಇನ್ನೊಂದು ಸಾಲನ್ನೂ ಸೇರಿಸಲು ಹೇಳಿದೆ: ಬರೆದ ಮೇಲೆ ಅದೇ ರಿಜಿಸ್ಟರನ್ನು ಒಮ್ಮೆ ಓದುವುದು. 64 ಬಿಟ್ ಆರ್ಮ್‌ನಲ್ಲಿ ಲಿನಕ್ಸ್ ಸಾಧನಗಳ ರಿಜಿಸ್ಟರುಗಳನ್ನು ಮ್ಯಾಪ್ ಮಾಡುವ ರೀತಿಯಲ್ಲಿ, ಬರಹ ಸಾಧನವನ್ನು ಮುಟ್ಟುವ ಮೊದಲೇ ದಾರಿಯ ನಡುವೆ ಎಲ್ಲೋ ‘ಆಯಿತು’ ಎಂಬ ಉತ್ತರ ಬರಲು ಅವಕಾಶವಿದೆ. ಮುಂದಿನ ಹೆಜ್ಜೆ ಹ್ಯಾಂಡ್ಲರನ್ನು ತೆಗೆಯುವುದಾಗಿರುವಾಗ, ಬರಹ ನಿಜವಾಗಿ ತಲುಪಿದೆಯೆಂಬ ಖಾತ್ರಿ ಬೇಕು. ಆ ಓದು ಅದನ್ನು ಕೊಡುತ್ತದೆ. ಅದರ ಮೇಲೆ ಒಂದು ಸಾಲಿನ ಟಿಪ್ಪಣಿ ಬರೆಯಲೇಬೇಕೆಂದೂ ಕೇಳಿದೆ, ಇಲ್ಲದಿದ್ದರೆ ಮುಂದೊಂದು ದಿನ ಯಾರಾದರೂ ‘ಬಳಸದ ಓದು’ ಎಂದು ಅದನ್ನು ಅಳಿಸುತ್ತಾರೆ.

ಹಳೆಯ ದೋಷವೊಂದು

ಪ್ರೋಬನ್ನು ಇಷ್ಟು ಸಲ ಓದಿದ್ದರಿಂದ, ಯಾರೂ ಹುಡುಕದಿದ್ದ ಒಂದು ತಪ್ಪು ಸಿಕ್ಕಿತು. ‘ಪ್ಲಾಟ್‌ಫಾರ್ಮ್ ಗೆಟ್ ಐಆರ್‌ಕ್ಯೂ’ ಸೋತಾಗ ಋಣ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಡ್ರೈವರ್ ಅದನ್ನು ಇಟ್ಟುಕೊಂಡಿದ್ದು ಚಿಹ್ನೆಯಿಲ್ಲದ ಪೂರ್ಣಾಂಕದ ಫೀಲ್ಡಿನಲ್ಲಿ, ಆಮೇಲೆ ‘ಸೊನ್ನೆಗಿಂತ ಕಡಿಮೆಯೇ’ ಎಂದು ಕೇಳುತ್ತಿತ್ತು. ಚಿಹ್ನೆಯಿಲ್ಲದ ಸಂಖ್ಯೆ ಎಂದೂ ಸೊನ್ನೆಗಿಂತ ಕಡಿಮೆಯಾಗದು; ಆ ಪರಿಶೀಲನೆ ಇದ್ದೂ ಇಲ್ಲದಂತೆ. ಕರ್ನಲ್ಲಿನ ಸಾಮಾನ್ಯ ಬಿಲ್ಡಿನಲ್ಲಿ ಇದರ ಎಚ್ಚರಿಕೆ ಮುಚ್ಚಿರುತ್ತದೆ.

ಇದರ ಪರಿಣಾಮ ಕ್ಷುಲ್ಲಕವಲ್ಲ. ಇಂಟರಪ್ಟ್ ಕಂಟ್ರೋಲರಿನ ಡ್ರೈವರ್ ಇನ್ನೂ ಬಂದಿರದಿದ್ದರೆ ಆ ಕರೆ −517 ಕೊಡುತ್ತದೆ. ‘ಈಗ ಬೇಡ, ಆಮೇಲೆ ಮತ್ತೆ ಪ್ರೋಬ್ ಮಾಡು’ ಎಂಬುದು ಅದರ ಅರ್ಥ. ನಮ್ಮ ಡ್ರೈವರ್ ಅದನ್ನು ನಾನೂರು ಕೋಟಿಗೂ ಮೀರಿದ ಒಂದು ಇಂಟರಪ್ಟ್ ಸಂಖ್ಯೆಯೆಂದು ತಿಳಿದು ಮುಂದಕ್ಕೆ ಒಯ್ಯುತ್ತಿತ್ತು. ಅಂಥ ಇಂಟರಪ್ಟ್ ಇಲ್ಲದಿರುವುದರಿಂದ ನೋಂದಣಿ −22 ಎಂದು ಸೋಲುತ್ತಿತ್ತು. −517ಕ್ಕೆ ಕರ್ನಲ್ ಮತ್ತೆ ಪ್ರಯತ್ನಿಸುತ್ತದೆ, −22ಕ್ಕೆ ಪ್ರಯತ್ನಿಸುವುದಿಲ್ಲ. ಕೆಲವು ಬೂಟ್‌ಗಳಲ್ಲಿ ಮಾತ್ರ ಎಸ್‌ಪಿಐ ಫ್ಲ್ಯಾಶ್ ಕಾಣೆಯಾಗುತ್ತದೆ, ಮರುಬೂಟ್ ಮಾಡಿದರೆ ಸರಿಹೋಗುತ್ತದೆ ಎಂದು ಬಹಳ ದಿನಗಳಿಂದ ಇದ್ದ ದೂರಿನ ಮೂಲ ಇದೇ ಆಗಿತ್ತು.

ಎರಡನೆಯ ಆವೃತ್ತಿ ಎಲ್ಲವನ್ನೂ ಒಂದೇ ಪ್ಯಾಚಿನಲ್ಲಿ ಕಟ್ಟಿತ್ತು. ಅದನ್ನು ಮೂರಾಗಿ ಒಡೆಯಲು ಕೇಳಿದೆ, ಕಾರಣವನ್ನೂ ಬರೆದೆ. ಚಿಹ್ನೆಯ ತಪ್ಪನ್ನು ಸರಿಪಡಿಸುವ ಎರಡು ಸಾಲು ಮೊದಲ ಪ್ಯಾಚ್ ಆಗಬೇಕು. ಅದರಲ್ಲಿ ತಪ್ಪು ಬಂದ ಕಮಿಟ್ಟಿನ ಐಡಿಯ ಮೊದಲ ಹನ್ನೆರಡು ಅಕ್ಷರಗಳನ್ನು ಹೊತ್ತ ‘ಫಿಕ್ಸಸ್’ ಸಾಲು, ಬಿಡುಗಡೆಯ ಬಳಿಕವೂ ದೋಷಪರಿಹಾರ ಪಡೆಯುವ ಸ್ಟೇಬಲ್ ಕರ್ನಲ್ಲುಗಳಿಗೆ ಹೋಗಬೇಕೆಂಬ ಸಾಲು ಇರಬೇಕು. ‘ಡೆವ್‌ಎಮ್ ಕ್ಲಾಕ್ ಗೆಟ್ ಎನೇಬಲ್ಡ್’ ಕರ್ನಲ್ಲಿಗೆ ಬಂದದ್ದು 2022ರ 6.0 ಆವೃತ್ತಿಯಲ್ಲಿ. ದೋಷದ ಪರಿಹಾರವನ್ನು ಅದರ ಜೊತೆ ಬೆಸೆದರೆ, 5.15ರಂಥ ದೀರ್ಘಾವಧಿ ಕರ್ನಲ್ಲುಗಳಲ್ಲಿ ಕೂತಿರುವ ಯಂತ್ರಗಳಿಗೆ ಎರಡು ಸಾಲಿನ ಔಷಧ ತಲುಪಿಸಲು ಬೇಡದ ಹೊರೆಯನ್ನೂ ಹೊರಿಸಬೇಕಾಗುತ್ತದೆ.

ಎರಡನೆಯ ಪ್ಯಾಚ್ ಕ್ಲಾಕ್ ಮತ್ತು ಬಫರಿನದು, ಮೂರನೆಯದು ಹ್ಯಾಂಡ್ಲರ್ ಮತ್ತು ನೋಂದಣಿಯದು. ಈ ಅನುಕ್ರಮ ಅದಲುಬದಲಾಗುವಂತಿಲ್ಲ. ಬುನಾದಿಯಿಂದ ಮೇಲಕ್ಕೆ ಬದಲಿಸುತ್ತ ಹೋದರೆ ಪ್ರತಿ ಪ್ಯಾಚಿನ ನಂತರವೂ ಡ್ರೈವರ್ ಸರಿಯಾಗಿರುತ್ತದೆ. ಮೇಲಿನಿಂದ ಕೆಳಕ್ಕೆ ಬಂದರೆ ನಡುವಿನ ಒಂದು ಕಮಿಟ್ಟಿನಲ್ಲಿ ಮೊದಲಿನ ಕಿಂಡಿಯೇ ತೆರೆದಿರುತ್ತದೆ. ಬೇರೇನೋ ದೋಷವನ್ನು ಬೈಸೆಕ್ಟ್ ಮಾಡಿ (ಕಮಿಟ್ಟುಗಳ ಸಾಲನ್ನು ಅರ್ಧರ್ಧವಾಗಿ ಒಡೆಯುತ್ತ) ಹುಡುಕುತ್ತಿರುವವರು ಸರಿಯಾಗಿ ಆ ಕಮಿಟ್ಟಿಗೆ ಬಂದು ನಿಂತರೆ ಅವರ ಹುಡುಕಾಟವೇ ದಾರಿ ತಪ್ಪುತ್ತದೆ.

ಮೂರನೆಯ ಆವೃತ್ತಿಯನ್ನು ‘ಡೀಬಗ್ ಎಸ್‌ಎಚ್‌ಐಆರ್‌ಕ್ಯೂ’ ಜೊತೆಗೆ ‘ಡೀಬಗ್ ಟೆಸ್ಟ್ ಡ್ರೈವರ್ ರಿಮೂವ್’ ಆಯ್ಕೆಯನ್ನೂ ತೆರೆದು ಕಟ್ಟಿದೆ. ಎರಡನೆಯದು ಪ್ರತಿ ಡ್ರೈವರನ್ನೂ ಒಮ್ಮೆ ಪ್ರೋಬ್ ಮಾಡಿ, ರಿಮೂವ್ ಮಾಡಿ, ಮತ್ತೆ ಪ್ರೋಬ್ ಮಾಡುತ್ತದೆ. ಸೀರಿಯಲ್ ಪೋರ್ಟಿಗೆ ದತ್ತಾಂಶ ಸುರಿಯುತ್ತಿರುವಾಗಲೇ ಬೈಂಡ್, ಅನ್‌ಬೈಂಡ್‌ಗಳನ್ನು ರಾತ್ರಿಯಿಡೀ ಓಡಿಸಿದೆ. ಬೋರ್ಡ್ ಒಮ್ಮೆಯೂ ಬೀಳಲಿಲ್ಲ. ಮೂರಕ್ಕೂ ‘ರಿವ್ಯೂಡ್ ಬೈ’ ಕೊಟ್ಟೆ.

ಸಸ್ಪೆಂಡಿನ ದಾರಿ

ಕ್ಲಾಕ್ ನಿಂತಿದೆ, ಹ್ಯಾಂಡ್ಲರ್ ಇದೆ ಎಂಬ ಸ್ಥಿತಿ ರಿಮೂವ್‌ನಲ್ಲಿ ಮಾತ್ರ ಬರುತ್ತದೆಯೇ ಎಂಬ ಪ್ರಶ್ನೆ ಉಳಿದಿತ್ತು. ಸಸ್ಪೆಂಡ್ ಫಂಕ್ಷನ್ನನ್ನು ತೆರೆದಾಗ ಅದು ಅಲ್ಲಿಯೂ ಇತ್ತು, ಪ್ಯಾಚಿಗೂ ಬಹಳ ಮೊದಲಿನಿಂದ. ಯಂತ್ರ ಮಲಗುವಾಗ ಕರ್ನಲ್ ಸಾಧನಗಳ ಸಸ್ಪೆಂಡ್ ಫಂಕ್ಷನ್ನುಗಳನ್ನು ಮೊದಲು ಕರೆಯುತ್ತದೆ. ಸಾಧನಗಳ ಇಂಟರಪ್ಟ್ ಲೈನುಗಳನ್ನು ಮುಚ್ಚುವುದು ಅದರ ನಂತರ, ‘ನೋಐಆರ್‌ಕ್ಯೂ’ ಹಂತಕ್ಕೆ ಸ್ವಲ್ಪ ಮುಂಚೆ. ನಮ್ಮ ಡ್ರೈವರ್ ಮೊದಲ ಹಂತದಲ್ಲೇ ಕ್ಲಾಕ್ ನಿಲ್ಲಿಸುತ್ತಿತ್ತು. ಅಲ್ಲಿಂದ ಲೈನ್ ಮುಚ್ಚುವವರೆಗಿನ ಕಿಂಡಿ 40 ಮೈಕ್ರೊಸೆಕೆಂಡಿನದಲ್ಲ. ಉಳಿದ ಎಲ್ಲ ಸಾಧನಗಳು ಮಲಗುವಷ್ಟು ಹೊತ್ತಿನದು.

ಇದನ್ನೂ ಸರಿಪಡಿಸಿದರೆ ಮಾತ್ರ ಒಪ್ಪುತ್ತೇನೆ ಎಂದು ಪ್ಯಾಚ್ ಬರೆದವರಿಗೆ ಹೇಳುವುದು ನ್ಯಾಯವಲ್ಲ. ಅವರು ಮುಟ್ಟದ ಕೋಡಿನ ಹಳೆಯ ಸಾಲವನ್ನು ಅವರ ತಲೆಗೆ ಕಟ್ಟಿದರೆ ಒಳ್ಳೆಯ ಕೆಲಸ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಪರಿಹಾರವನ್ನು ನಾನೇ ಬರೆದು ಪರಿಶೀಲನೆಗೆ ಅವರಿಗೇ ಕಳಿಸಿದೆ. ಕ್ಲಾಕ್ ನಿಲ್ಲಿಸುವ ಕೆಲಸವನ್ನು ನೋಐಆರ್‌ಕ್ಯೂ ಹಂತಕ್ಕೆ ಸರಿಸಿದ್ದೆ. ಆ ಹೊತ್ತಿಗೆ ಲೈನ್ ಮುಚ್ಚಿರುತ್ತದೆ, ಹ್ಯಾಂಡ್ಲರ್ ಓಡುವ ಪ್ರಶ್ನೆಯೇ ಇಲ್ಲ ಎಂಬುದು ನನ್ನ ತರ್ಕ.

ಅವರು ಎರಡು ದಿನ ತೆಗೆದುಕೊಂಡು ಒಂದು ಪ್ರಶ್ನೆ ಬರೆದರು. ಈ ಡ್ರೈವರ್ ಬಳಸುವ ಬೋರ್ಡುಗಳಲ್ಲಿ ಒಂದರಲ್ಲಿ ಎಸ್‌ಪಿಐ ಕಂಟ್ರೋಲರಿನ ಕ್ಲಾಕ್ ಬರುವುದು ಐ2ಸಿ ಎಂಬ ಇನ್ನೊಂದು ಬಸ್ಸಿನ ಮೇಲಿರುವ ಹೊರಗಿನ ಕ್ಲಾಕ್ ಚಿಪ್ಪಿನಿಂದ. ಅದನ್ನು ನಿಲ್ಲಿಸಲು ಐ2ಸಿಯಲ್ಲಿ ಸಂದೇಶ ಕಳಿಸಬೇಕು, ಐ2ಸಿ ಡ್ರೈವರ್ ಆ ಸಂದೇಶ ಮುಗಿದದ್ದನ್ನು ತಿಳಿಯುವುದು ಇಂಟರಪ್ಟಿನಿಂದ. ನೋಐಆರ್‌ಕ್ಯೂ ಹಂತದಲ್ಲಿ ಆ ಇಂಟರಪ್ಟೂ ಮುಚ್ಚಿರುವುದಿಲ್ಲವೇ ಎಂದು ಕೇಳಿದ್ದರು. ಮುಚ್ಚಿರುತ್ತದೆ. ನನ್ನ ಪ್ಯಾಚ್ ಆ ಬೋರ್ಡಿನಲ್ಲಿ ಸಂದೇಶಕ್ಕಾಗಿ ಕಾದು, ಸಮಯ ಮೀರಿ, ಸಸ್ಪೆಂಡನ್ನೇ ಸೋಲಿಸುತ್ತಿತ್ತು.

ಕೊನೆಗೆ ಇಬ್ಬರೂ ಕೂಡಿ ಬರೆದ ರೂಪದಲ್ಲಿ ಕ್ಲಾಕ್ ಮೊದಲಿನ ಹಂತದಲ್ಲೇ ನಿಲ್ಲುತ್ತದೆ. ಅದಕ್ಕೂ ಮುನ್ನ ಡ್ರೈವರ್ ಸಾಧನದ ಮಾಸ್ಕನ್ನು ಮುಚ್ಚಿ, ಅದನ್ನು ಮತ್ತೆ ಓದಿ, ‘ಮಲಗಿದೆ’ ಎಂಬ ಫ್ಲ್ಯಾಗನ್ನು ಎತ್ತಿ, ‘ಸಿಂಕ್ರೊನೈಸ್ ಐಆರ್‌ಕ್ಯೂ’ ಕರೆದು ಆಗಲೇ ಓಡುತ್ತಿರಬಹುದಾದ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ. ಆನಂತರ ಸೀರಿಯಲ್ ಪೋರ್ಟಿನ ಇಂಟರಪ್ಟಿಗೆ ಹ್ಯಾಂಡ್ಲರ್ ಓಡಿದರೆ, ಅದು ರಿಜಿಸ್ಟರನ್ನು ಮುಟ್ಟುವ ಮೊದಲೇ ಫ್ಲ್ಯಾಗನ್ನು ನೋಡಿ ‘ಐಆರ್‌ಕ್ಯೂ ನನ್’ ಎಂದು ಹಿಂತಿರುಗುತ್ತದೆ. ರಿಸ್ಯೂಮ್‌ನಲ್ಲಿ ಕ್ಲಾಕ್ ಬಂದು, ಸ್ಟೇಟಸ್ ಬಿಟ್‌ಗಳನ್ನು ಅಳಿಸಿದ ಮೇಲಷ್ಟೇ ಫ್ಲ್ಯಾಗ್ ಇಳಿಯುತ್ತದೆ. ಆ ಪ್ಯಾಚಿನ ‘ರಿವ್ಯೂಡ್ ಬೈ’ ಸಾಲಿನಲ್ಲಿರುವುದು ಅವರ ಹೆಸರು.